ಮಾತನಾಡಿಸಲು ಬಂದವರು ಹೋದ ಮೇಲೆ

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನವಳು, 43 ವರ್ಷ. ಹನ್ನೊಂದು ತಿಂಗಳ ಹಿಂದೆ ನಮ್ಮ ಯಜಮಾನರು ಹೃದಯಾಘಾತದಿಂದ ತೀರಿಕೊಂಡರು. ಅವರಿದ್ದ ಇಲಾಖೆಯಲ್ಲೇ ನನಗೆ ಅನುಕಂಪದ ನೌಕರಿ ಸಿಕ್ಕಿತು. ಎರಡು ತಿಂಗಳಿಂದ ರಾಯಚೂರಿನಲ್ಲಿ ಬಾಡಿಗೆ ಮನೆ ಹಿಡಿದಿದ್ದೇವೆ. ಜೊತೆಗೆ ಅತ್ತೆ ಮತ್ತು ಪಿಯುಸಿ ಓದುವ ಮಗ ಇದ್ದಾರೆ, ಮಗಳು ಬೆಂಗಳೂರಿನಲ್ಲಿದ್ದಾಳೆ. ಹಳೆಯ ಕಡತಗಳಲ್ಲಿ ಅವರ ಸಹಿ ಕಂಡರೆ ಕೈ ನಡುಗುತ್ತದೆ. ರಾತ್ರಿ ಎರಡೂವರೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಅಳು ಮಾತ್ರ ಬರುವುದಿಲ್ಲ. ಒಂದು ದಿನ ಕಚೇರಿಯಲ್ಲಿ ಊಟದ ಹೊತ್ತಿಗೆ ಯಾರೋ ಹೇಳಿದ ಮಾತಿಗೆ ನಕ್ಕುಬಿಟ್ಟೆ, ಸಂಜೆಯವರೆಗೂ ನನ್ನನ್ನು ನಾನೇ ಬೈದುಕೊಂಡೆ. ಆಯುಧ ಪೂಜೆಯ ದಿನ ಕುಂಕುಮದ ತಟ್ಟೆ ನನ್ನನ್ನು ದಾಟಿ ಮುಂದೆ ಹೋಯಿತು. ಒಮ್ಮೊಮ್ಮೆ ಅವರ ಜೊತೆಗೇ ಹೋಗಿದ್ದರೆ ಚೆನ್ನಾಗಿತ್ತು ಎನಿಸುತ್ತದೆ. ಮೊಬೈಲ್‌ನಲ್ಲೇ ಆಪ್ತಸಮಾಲೋಚನೆ ಮಾಡುವವರಿದ್ದಾರೆ, ಒಂದು ಸಲಕ್ಕೆ 1,200 ರೂಪಾಯಿ, ಹತ್ತು ಸಲದ್ದು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಇದೆ ಎಂದು ಮಗಳು ಹೇಳುತ್ತಾಳೆ. ಗುರುತಿಲ್ಲದವರಿಗೆ ಮೊಬೈಲ್‌ನಲ್ಲಿ ಗಂಡನ ಸಾವನ್ನು ಹೇಳಿಕೊಂಡರೆ ದುಃಖ ಇಳಿಯುತ್ತದೆಯೇ? ನಮ್ಮದು ಎರಡೇ ಕೋಣೆಯ ಮನೆ. ಅತ್ತೆ ಏನೆನ್ನುತ್ತಾರೋ ಎಂಬ ಭಯ. ಕಚೇರಿಗೆ ತಿಳಿದರೆ ನೌಕರಿಗೆ ತೊಂದರೆಯಾಗುತ್ತದೆಯೇ? ನನಗೆ ಹುಚ್ಚು ಹಿಡಿಯುತ್ತಿದೆಯೇ?

ಉತ್ತರ: ತಾಯಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನಿಮಗೆ ಹುಚ್ಚು ಹಿಡಿಯುತ್ತಿಲ್ಲ. ಬಳ್ಳಾರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವವಳಾಗಿ ಈ ಮಾತನ್ನು ಹೇಳುತ್ತಿದ್ದೇನೆ. ಹನ್ನೊಂದು ತಿಂಗಳಲ್ಲಿ ನೀವು ಗಂಡನನ್ನು ಮಣ್ಣು ಮಾಡಿದ್ದೀರಿ, ಊರು ಬಿಟ್ಟಿದ್ದೀರಿ, ಮನೆ ಬದಲಿಸಿದ್ದೀರಿ, ಹಿಂದೆಂದೂ ಮಾಡದ ಕೆಲಸಕ್ಕೆ ಕುಳಿತಿದ್ದೀರಿ, ಮನೆಯ ಯಜಮಾನಿಕೆ ಹೊತ್ತಿದ್ದೀರಿ. ಇದರಲ್ಲಿ ಯಾವುದಾದರೂ ಒಂದೇ ಸಾಕಿತ್ತು ಯಾರದೇ ನಿದ್ದೆ ಕೆಡಿಸಲು.

ಆದರೆ ನಿಮ್ಮ ಪತ್ರದ ಒಂದು ಸಾಲನ್ನು ನಾನು ಓದಿ ಮುಂದೆ ಹೋಗಲಾರೆ. ‘ಅವರ ಜೊತೆಗೇ ಹೋಗಿದ್ದರೆ’ ಎಂದು ಬರೆದಿದ್ದೀರಿ. ಸಂಗಾತಿಯನ್ನು ಕಳೆದುಕೊಂಡ ಬಹಳ ಮಂದಿಗೆ ಹೀಗೆ ಅನ್ನಿಸುತ್ತದೆ, ಅದು ಹೆಚ್ಚಾಗಿ ಅವರನ್ನು ಮತ್ತೆ ಕಾಣಬೇಕೆಂಬ ಹಂಬಲ. ಆ ಯೋಚನೆಗೆ ಒಂದು ದಾರಿ, ಒಂದು ದಿನ, ಅಥವಾ ‘ನಾನಿಲ್ಲದಿದ್ದರೆ ಮಕ್ಕಳಿಗೇ ಒಳ್ಳೆಯದು’ ಎಂಬ ಲೆಕ್ಕ ಸೇರಿಕೊಂಡರೆ ಮಾತ್ರ ಅದು ಬೇರೆಯೇ ಸಂಗತಿ. ಆಗ ಈ ಉತ್ತರವನ್ನು ಇಲ್ಲಿಗೇ ನಿಲ್ಲಿಸಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಮಗಳಿಗೆ ಹೇಳಿ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಅಂದೇ ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ರಿಮ್ಸ್‌ನ ಮನೋವೈದ್ಯಕೀಯ ವಿಭಾಗಕ್ಕೆ ಹೋಗಿ. ರಾತ್ರಿಯಾಗಿದ್ದರೆ ತುರ್ತು ವಿಭಾಗಕ್ಕೆ ಹೋಗಿ. ಇನ್ನೂ ಒಂದು ಕೆಲಸವಿದೆ. ಊರ ಮನೆಯಲ್ಲಾಗಲಿ ಇಲ್ಲಿಯಾಗಲಿ ಬೆಳೆಗೆ ಹೊಡೆಯುವ ಔಷಧಿ, ಯಜಮಾನರ ಉಳಿದ ಮಾತ್ರೆಗಳು ಇದ್ದರೆ ಇದೇ ವಾರ ಅವು ಮನೆಯಿಂದ ಹೊರಗೆ ಹೋಗಲಿ. ಹತ್ತಿ, ಭತ್ತ ಬೆಳೆಯುವ ನಮ್ಮ ಸೀಮೆಯಲ್ಲಿ ದುಃಖವಿರುವ ಪ್ರತಿ ಮನೆಗೂ ನಾನು ಇದನ್ನು ಹೇಳುತ್ತೇನೆ, ನಿಮ್ಮ ಮೇಲೆ ಅನುಮಾನಪಟ್ಟಲ್ಲ.

ಇನ್ನು ಮೊಬೈಲ್‌ನ ಪ್ರಶ್ನೆ. ನಮ್ಮ ಭಾಗದಲ್ಲಿ ಸಾವಾದ ಮನೆಗೆ ಹೋಗುವುದನ್ನು ‘ಮಾತನಾಡಿಸಲು ಹೋಗುವುದು’ ಎನ್ನುತ್ತೇವೆ. ಸಂತೈಸಲು ಎನ್ನುವುದಿಲ್ಲ, ಬುದ್ಧಿ ಹೇಳಲು ಎನ್ನುವುದಿಲ್ಲ. ಬೀಗರು, ನೆರೆಯವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಚಾಪೆಯ ಮೇಲೆ ಕೂರುತ್ತಾರೆ, ‘ಹೇಗಾಯಿತು?’ ಎಂದು ಕೇಳುತ್ತಾರೆ. ಸತ್ತವರ ಮನೆಯವರು ಅದೇ ಕತೆಯನ್ನು ಹತ್ತು ಸಲ, ಇಪ್ಪತ್ತು ಸಲ ಹೇಳುತ್ತಾರೆ. ಹೇಳುತ್ತ ಹೇಳುತ್ತ ಆದದ್ದು ನಿಜವೆಂದು ಮನಸ್ಸು ಸ್ವಲ್ಪ ಸ್ವಲ್ಪವಾಗಿ ಒಪ್ಪಿಕೊಳ್ಳುತ್ತದೆ. ನಾವು ವಿಶ್ವವಿದ್ಯಾಲಯದಲ್ಲಿ ಓದಿ ಕಲಿತ ಆಪ್ತಸಮಾಲೋಚನೆಯ ಬೇರು ಇದೇ. ಕೊರತೆ ಇರುವುದು ಲೆಕ್ಕದಲ್ಲಿ. ದಿನದ ಕಾರ್ಯ ಮುಗಿಯುವವರೆಗೆ ಮನೆ ತುಂಬ ಜನ, ಆಮೇಲೆ ಯಾರೂ ಇಲ್ಲ. ನಿಮ್ಮ ವಿಷಯದಲ್ಲಿ ನೌಕರಿಯ ಆದೇಶ ಬಂದ ದಿನ ಉಳಿದ ನಾಲ್ಕು ಮಂದಿಯೂ ‘ಇನ್ನು ದಡ ಸೇರಿದಳು’ ಎಂದು ಹೋಗಿರಬೇಕು. ಅನುಕಂಪದ ನೌಕರಿಗೆ ಬಂದ ಹೆಣ್ಣುಮಕ್ಕಳು ನನ್ನ ಮುಂದೆ ಮತ್ತೆ ಮತ್ತೆ ಹೇಳುವ ಮಾತೊಂದಿದೆ: ‘ಸಂಬಳ ಕೈಗೆ ಬಂದ ದಿನ ಅವರನ್ನು ಮಾರಿದ ಹಾಗೆನಿಸಿತು.’ ನೀವು ಹಾಗೆ ಬರೆದಿಲ್ಲ. ಅನ್ನಿಸಿದ್ದರೆ ನೀವೊಬ್ಬರೇ ಅಲ್ಲವೆಂದು ತಿಳಿಯಿರಿ.

ನಕ್ಕದ್ದಕ್ಕೆ ಬೈದುಕೊಂಡಿರಲ್ಲ, ಅದನ್ನೇ ತೆಗೆದುಕೊಳ್ಳೋಣ. ದುಃಖವೆಂದರೆ ಐದು ಮೆಟ್ಟಿಲು, ಒಂದೊಂದಾಗಿ ಇಳಿದು ಕೊನೆಗೆ ಸಮಾಧಾನ ಎಂದು ಮಗಳು ಮೊಬೈಲ್‌ನಲ್ಲಿ ಓದಿ ಹೇಳಿರಬಹುದು. 1969ರಲ್ಲಿ ಬಂದ ಆ ವಿಚಾರ ಹುಟ್ಟಿದ್ದು ತಾವೇ ಸಾವಿನ ಹಾಸಿಗೆಯಲ್ಲಿದ್ದ ರೋಗಿಗಳನ್ನು ಮಾತನಾಡಿಸಿ, ಅಗಲಿಕೆ ಉಂಡವರನ್ನು ಅಳೆಯಲಿಕ್ಕಲ್ಲ. ನನಗೆ ಹೆಚ್ಚು ನಿಜವೆನಿಸುವುದು ನೆದರ್‌ಲ್ಯಾಂಡ್ಸ್‌ನ ಯುಟ್ರೆಕ್ಟ್‌ನಲ್ಲಿ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಮುಂದಿಟ್ಟ ಮಾತು. ದುಃಖದಲ್ಲಿರುವ ಮನಸ್ಸು ಉಯ್ಯಾಲೆಯಂತೆ ಎರಡು ಕಡೆ ಆಡುತ್ತದೆ. ಒಂದು ಕಡೆ ಹೋದವರ ನೆನಪು, ಇನ್ನೊಂದು ಕಡೆ ಮುಂದಿನ ಬದುಕಿನ ಕೆಲಸ: ರೇಷನ್ ಕಾರ್ಡ್, ಮಗನ ಫೀಸು, ಹೊಸ ಕಚೇರಿ, ಅಲ್ಲೊಂದು ನಗು. ಎರಡೂ ಬೇಕು. ಸಹಿ ಕಂಡು ಕೈ ನಡುಗಿದ್ದು ಉಯ್ಯಾಲೆಯ ಒಂದು ತುದಿ, ಊಟದ ಹೊತ್ತಿನ ನಗು ಇನ್ನೊಂದು ತುದಿ. ನಿಮ್ಮ ಕಷ್ಟವೆಂದರೆ ಯಾವ ತುದಿಯಲ್ಲೂ ಒಂದು ಗಳಿಗೆ ನಿಲ್ಲಲು ನಿಮಗೆ ಬಿಡುವಿಲ್ಲ. ಮನೆಯಲ್ಲಿ ಅತ್ತೆಯ ಮುಂದೆ ಅಳುವಂತಿಲ್ಲ, ಕಚೇರಿಯಲ್ಲಿ ನಗುವಂತಿಲ್ಲ. ಅಳು ಬಾರದಿರುವುದಕ್ಕೂ ಕಾರಣ ಅಲ್ಲೇ ಇದೆ, ನೀವು ಕಲ್ಲಾಗಿಲ್ಲ.

ವಾರಕ್ಕೊಮ್ಮೆ ಐವತ್ತು ನಿಮಿಷ, ಯಾರನ್ನೂ ಕಾಯಬೇಕಾಗಿಲ್ಲದ ಒಂದು ಜಾಗ ನಿಮಗೆ ಬೇಕು. ಅದು ಮೊಬೈಲ್‌ನೊಳಗೆ ಸಿಗುತ್ತದೆಯೇ?

2020ರವರೆಗೆ ನಾನೂ ನಂಬಿರಲಿಲ್ಲ. ಲಾಕ್‌ಡೌನ್‌ನಲ್ಲಿ ಬೇರೆ ದಾರಿಯಿಲ್ಲದೆ ಶುರು ಮಾಡಿದೆ. ಗುರುತು ಸಿಗದಂತೆ ಒಂದು ಸಂಗತಿ ಹೇಳುತ್ತೇನೆ. ಮಗನನ್ನು ಕಳೆದುಕೊಂಡ ರೈತ ಮಹಿಳೆಯೊಬ್ಬರು ಅದಕ್ಕೆ ಮೊದಲು ಮೂರು ಸಲ ಬಸ್ ಹತ್ತಿ ನನ್ನ ಕೋಣೆಗೆ ಬಂದಿದ್ದರು. ಸೆರಗಿನ ತುದಿ ಹೊಸೆಯುತ್ತ ಕೂತು ಎದ್ದು ಹೋಗಿದ್ದರು, ಬಾಯಿ ಬಿಟ್ಟಿರಲಿಲ್ಲ. ನಾಲ್ಕನೇ ಸಲ ಹೊಲದಿಂದ ವಿಡಿಯೊ ಕರೆಯಲ್ಲಿ ಬಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಬೈಲನ್ನು ತಿರುಗಿಸಿ ಬದುವಿನ ಮೇಲಿನ ಬೇವಿನ ಗಿಡ ತೋರಿಸಿ, ‘ಇದನ್ನು ಅವನೇ ಹಚ್ಚಿದ್ದು’ ಎಂದರು. ಮಾತು ಅಲ್ಲಿಂದ ಶುರುವಾಯಿತು. ನನ್ನ ಕೋಣೆಯಲ್ಲಿ ಆ ಗಿಡ ಇರಲಿಲ್ಲ. ಅಂದಿನಿಂದ ನಾನು ಈ ಮಾಧ್ಯಮವನ್ನು ಅನಿವಾರ್ಯಕ್ಕೆ ಒಪ್ಪಿಕೊಂಡದ್ದೆಂದು ಹೇಳುವುದನ್ನು ಬಿಟ್ಟೆ. ಖಿನ್ನತೆ, ಆತಂಕಗಳಿಗೆ ವಿಡಿಯೊ ಮೂಲಕ ಕೊಟ್ಟ ಚಿಕಿತ್ಸೆ ಎದುರು ಕುಳಿತು ಕೊಟ್ಟದ್ದಕ್ಕೆ ಹೆಚ್ಚು ಕಡಿಮೆ ಸಮನಾಗಿ ಫಲ ಕೊಡುತ್ತದೆ ಎಂದು ಹಲವು ಹೋಲಿಕೆಯ ಅಧ್ಯಯನಗಳು ತೋರಿಸಿವೆ. ಯುರೋಪಿನಲ್ಲಂತೂ ಅಗಲಿಕೆಯ ದುಃಖಕ್ಕೆಂದೇ ಇಂಟರ್‌ನೆಟ್ ಮೂಲಕ ಪತ್ರ ಬರೆಸುವ ಚಿಕಿತ್ಸೆಯನ್ನು ಇಪ್ಪತ್ತು ವರ್ಷಗಳಷ್ಟು ಹಿಂದೆಯೇ ಪ್ರಯೋಗಿಸಿ ನೋಡಿದ್ದಾರೆ.

ನಷ್ಟವೂ ಇದೆ, ಮುಚ್ಚಿಡುವುದಿಲ್ಲ. ಪರದೆಯಲ್ಲಿ ನನಗೆ ಮುಖ ಮಾತ್ರ ಕಾಣುತ್ತದೆ, ನಡುಗುವ ಕೈ ಕಾಣುವುದಿಲ್ಲ. ಕೋಣೆಯಲ್ಲಿ ಇಬ್ಬರೂ ಸುಮ್ಮನೆ ಕೂತರೆ ಆ ಮೌನಕ್ಕೆ ಅರ್ಥವಿರುತ್ತದೆ, ಮೊಬೈಲ್‌ನಲ್ಲಿ ಅದೇ ಮೌನ ನೆಟ್‌ವರ್ಕ್ ಹೋದಂತೆ ಕೇಳಿಸುತ್ತದೆ. ಆದ್ದರಿಂದ ನೀವೇ ಬಾಯಿಬಿಟ್ಟು ಹೇಳಬೇಕಾದದ್ದು ಹೆಚ್ಚು: ‘ಈಗ ಕೈ ನಡುಗುತ್ತಿದೆ’, ‘ಸ್ವಲ್ಪ ಸುಮ್ಮನಿರುತ್ತೇನೆ, ಕರೆ ಕತ್ತರಿಸಬೇಡಿ.’

ಬಳ್ಳಾರಿಯವಳಾಗಿ ಇಲ್ಲೊಂದು ಮಾತು ಹೇಳದೆ ಇರಲಾರೆ. ಮನಸ್ಸಿನ ಕಾಯಿಲೆಗೆ ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೇ ಹೋಗಬೇಕು ಎಂಬ ಕಾಲದಲ್ಲಿ, 1980ರ ದಶಕದ ಮಧ್ಯಭಾಗದಲ್ಲಿ, ನಿಮ್ಹಾನ್ಸ್‌ನವರು ಅಂದಿನ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮತ್ತು ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಊರ ಬಾಗಿಲಲ್ಲೇ ಚಿಕಿತ್ಸೆ ಸಾಧ್ಯವೆಂದು ತೋರಿಸಿದರು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಈ ಜಿಲ್ಲೆ. ಅಂದು ಊರ ಬಾಗಿಲಿಗೆ ಬಂದದ್ದು ಇಂದು ಅಂಗೈಗೆ ಬಂದಿದೆ. ಇದನ್ನು ಪಟ್ಟಣದವರ ಹೊಸ ಶೋಕಿ ಎಂದುಕೊಳ್ಳಬೇಡಿ.

ಹಣ ಕಟ್ಟುವ ಮೊದಲು ಸರ್ಕಾರದ ಟೆಲಿ ಮಾನಸ್‌ಗೆ ಒಮ್ಮೆ ಕರೆ ಮಾಡಿ. ಸಂಖ್ಯೆ ಮೇಲೆ ಹೇಳಿದ 14416. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ಹಗಲೂ ರಾತ್ರಿಯೂ ತೆರೆದಿರುತ್ತದೆ, ಉಚಿತ, ಕನ್ನಡವನ್ನು ಆರಿಸಿಕೊಳ್ಳಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತನಾಡುತ್ತಾರೆ, ಅಗತ್ಯವಿದ್ದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ನಿಮ್ಮ ಎರಡೂವರೆ ಗಂಟೆಯ ಎಚ್ಚರಕ್ಕೆ ಇದಕ್ಕಿಂತ ಒಳ್ಳೆಯ ಜೊತೆಯನ್ನು ನಾನು ಕಾಣೆ, ಆ ಹೊತ್ತಿನಲ್ಲಿ ನಾನು ಕೂಡ ಕರೆ ತೆಗೆದುಕೊಳ್ಳುವುದಿಲ್ಲ. ಆದರೆ ಪ್ರತಿ ಸಲ ಅದೇ ದನಿ ಸಿಗುವ ಭರವಸೆ ಇರುವುದಿಲ್ಲ. ತಿಂಗಳುಗಟ್ಟಲೆಯ ದುಃಖಕ್ಕೆ ಒಬ್ಬರೇ ಬೇಕು. ಹೋದ ವಾರ ನೀವು ಎಲ್ಲಿಗೆ ನಿಲ್ಲಿಸಿದಿರಿ ಎಂಬುದು ಅವರಿಗೆ ನೆನಪಿರಬೇಕು.

ಆ ಒಬ್ಬರನ್ನು ಆರಿಸುವಾಗ ಎಚ್ಚರ. ‘ಕೌನ್ಸೆಲರ್’ ಎಂದು ಫಲಕ ಹಾಕಿಕೊಳ್ಳುವವರನ್ನು ನಮ್ಮಲ್ಲಿ ಯಾರೂ ತಡೆದು ಕೇಳುವುದು ಕಡಿಮೆ, ವಾರಾಂತ್ಯದ ತರಬೇತಿ ಮುಗಿಸಿದವರೂ ಹಾಕಿಕೊಳ್ಳುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು, ಮನೋವೈದ್ಯರಾಗಿದ್ದರೆ ವೈದ್ಯಕೀಯ ಪರಿಷತ್ತಿನದು. ಸೈಕಾಲಜಿ ಅಥವಾ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು ಒಳ್ಳೆಯ ಆಪ್ತಸಮಾಲೋಚಕರಾದವರೂ ಅನೇಕರಿದ್ದಾರೆ. ಅವರ ಬಳಿ ಪದವಿ ಎಲ್ಲಿಯದು, ಯಾರ ಕೈಕೆಳಗೆ ತರಬೇತಿ ಪಡೆದರು, ಸಾವಿನ ಮನೆಯವರೊಂದಿಗೆ ಕೆಲಸ ಮಾಡಿದ್ದಾರೆಯೇ ಎಂದು ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವವರು ನಿಮಗೆ ಬೇಡ. ಕರೆಯನ್ನು ದಾಖಲಿಸಿಕೊಳ್ಳುತ್ತಾರೆಯೇ, ತುರ್ತು ಬಂದರೆ ಯಾರಿಗೆ ತಿಳಿಸುತ್ತಾರೆ ಎಂಬುದನ್ನೂ ಮೊದಲ ದಿನವೇ ಕೇಳಿ. ನಿಮ್ಮ ವಿಳಾಸ ಮತ್ತು ಹತ್ತಿರದವರೊಬ್ಬರ ಮೊಬೈಲ್ ಸಂಖ್ಯೆಯನ್ನು ಅವರಾಗಿಯೇ ಕೇಳಿ ಬರೆದುಕೊಂಡರೆ ಅದು ಒಳ್ಳೆಯ ಲಕ್ಷಣ. ‘ಮೂರು ವಾರದಲ್ಲಿ ಮರೆಸುತ್ತೇನೆ’ ಎನ್ನುವವರು, ವೈದ್ಯರಲ್ಲದೆ ನಿದ್ದೆ ಮಾತ್ರೆಯ ಹೆಸರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವವರು, ಹರಳು, ಶಾಂತಿ ಎಂದು ಮಾತು ತಿರುಗಿಸುವವರು ಸಿಕ್ಕರೆ ಆ ಕ್ಷಣವೇ ಬಿಡಿ.

ಹತ್ತು ಸಲದ ಹಣವನ್ನು ಒಟ್ಟಿಗೆ ಕಟ್ಟಬೇಡಿ. ಮೊದಲ ಎರಡು ಮೂರು ಭೇಟಿಯಲ್ಲಿ ಅವರ ಜೊತೆ ಹೊಂದಿಕೆಯಾಗುತ್ತದೆಯೋ ಇಲ್ಲವೋ ನಿಮಗೇ ತಿಳಿಯುತ್ತದೆ, ಆಗದಿದ್ದರೆ ಬಿಡುವ ಸ್ವಾತಂತ್ರ್ಯ ಇರಲಿ. 1,200 ಭಾರವಾದರೆ ಹಾಗೆಂದು ಹೇಳಿ, ಶುಲ್ಕ ಇಳಿಸುವವರಿದ್ದಾರೆ. ಹದಿನೈದು ದಿನಕ್ಕೊಮ್ಮೆ ಮಾಡಿಕೊಂಡರೂ ನಡೆಯುತ್ತದೆ.

ಭಾಷೆಯ ವಿಷಯಕ್ಕೆ ಯಾರೂ ಗಮನ ಕೊಡುವುದಿಲ್ಲ, ನಾನು ಇದನ್ನು ಪದವಿಯಷ್ಟೇ ಮುಖ್ಯವೆನ್ನುತ್ತೇನೆ. ಕನ್ನಡ ಬಂದರೆ ಸಾಲದು, ನಮ್ಮ ಕಡೆಯ ಕನ್ನಡ ಕಿವಿಗೆ ಬಿದ್ದಿರಬೇಕು. ನಮ್ಮವರು ಮನಸ್ಸಿನ ನೋವನ್ನು ಮೈಯ ಮೂಲಕ ಹೇಳುತ್ತಾರೆ: ಎದೆ ಹೊಯ್ದಾಡುತ್ತದೆ, ಹೊಟ್ಟೆಯಲ್ಲಿ ಸಂಕಟ, ತಲೆ ಗಿಮ್ ಎನ್ನುತ್ತದೆ, ಆರಾಮವಿಲ್ಲ. ‘ಜೀವ ಬೇಸರವಾಗಿದೆ’ ಎಂಬ ಮಾತನ್ನು ದೂರದ ಊರಿನ ಆಪ್ತಸಮಾಲೋಚಕಿ ‘ಹೊತ್ತು ಹೋಗುತ್ತಿಲ್ಲ’ ಎಂದು ತಿಳಿದು ಮುಂದೆ ಹೋದರೆ ಅನಾಹುತ. ನಮ್ಮಲ್ಲಿ ಆ ಮಾತಿಗೆ ಬದುಕೇ ಸಾಕಾಗಿದೆ ಎಂಬ ಅರ್ಥವೂ ಇದೆ, ಅಲ್ಲಿ ನಿಂತು ಕೇಳಬೇಕು. ರಾಯಚೂರು, ಕೊಪ್ಪಳ, ಕಲಬುರಗಿ ಕಡೆ ಬೆಳೆದವರು ಈಗ ಎಲ್ಲೆಲ್ಲೋ ಕುಳಿತು ಈ ಕೆಲಸ ಮಾಡುತ್ತಿದ್ದಾರೆ. ಅಂಥವರು ಬೇಕೆಂದು ಕೇಳಿ. ಮೊಬೈಲ್‌ನ ದೊಡ್ಡ ಅನುಕೂಲವೇ ಅದು: ಮಾತು ನಮ್ಮದೇ, ಆದರೆ ನಿಮ್ಮ ಬೀದಿಯಲ್ಲಿ ಎದುರಾಗುವವರಲ್ಲ.

ಎರಡು ಕೋಣೆಯ ಮನೆಯಲ್ಲಿ ಬಾಗಿಲು ಹಾಕಿಕೊಳ್ಳುವುದು ಹೇಗೆ? ಬಹುಪಾಲು ಹೆಣ್ಣುಮಕ್ಕಳು ನಿಲ್ಲುವುದೇ ಇಲ್ಲಿ. ಈಗ ಚಳಿಗಾಲವಾದ್ದರಿಂದ ಸಂಜೆ ಮಾಳಿಗೆಯ ಮೇಲೆ ಕೂರಬಹುದು. ಮಾವಿನ ಕೆರೆಯ ಕಡೆ ನಡೆಯುತ್ತ ಮಾತನಾಡಬಹುದು, ದುಃಖದ ಮಾತು ನಡೆಯುತ್ತಿರುವಾಗ ಸಲೀಸಾಗಿ ಬರುವುದನ್ನು ನಾನು ಕಂಡಿದ್ದೇನೆ. ಕಿವಿಗೆ ಇಯರ್‌ಫೋನ್ ಇರಲಿ, ಅವರ ಮಾತಾದರೂ ಹೊರಗೆ ಕೇಳುವುದಿಲ್ಲ. ಯಾರಾದರೂ ಹತ್ತಿರ ಬಂದರೆ ಹೇಳಲು ಒಂದು ಗುರುತಿನ ಮಾತನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ನನ್ನ ಬಳಿ ಬರುವವರೊಬ್ಬರು ‘ಜೋಳ ಹಾಕಿಸಬೇಕು’ ಎನ್ನುತ್ತಾರೆ, ನಾನು ತಕ್ಷಣ ಬೇರೆ ಮಾತಿಗೆ ಹೊರಳುತ್ತೇನೆ. ನೆಟ್‌ವರ್ಕ್ ಕೈಕೊಟ್ಟರೆ ವಿಡಿಯೊ ಬಿಟ್ಟು ಬರಿಯ ದನಿಯಲ್ಲಿ ಮಾತನಾಡಿ. ಕರೆ ಕಡಿದರೆ ಯಾರು ಮತ್ತೆ ಹಚ್ಚಬೇಕು ಎಂಬುದೂ ಮೊದಲೇ ಮಾತಾಗಿರಲಿ. ಗಂಡನ ಕೊನೆಯ ಗಳಿಗೆಯನ್ನು ಹೇಳುತ್ತಿರುವಾಗ ಕರೆ ಕಡಿದು, ಅತ್ತ ಇತ್ತ ಇಬ್ಬರೂ ಕಾಯುತ್ತ ಕೂರುವುದಕ್ಕಿಂತ ಕೆಟ್ಟದ್ದು ಈ ಕೆಲಸದಲ್ಲಿ ಬೇರೊಂದಿಲ್ಲ.

ಈಗ ಅತ್ತೆಯ ವಿಷಯ. ನಿಮ್ಮ ಪತ್ರದಲ್ಲಿ ಅವರು ಎರಡು ಸಲ ಬರುತ್ತಾರೆ, ಒಮ್ಮೆ ಮನೆಯಲ್ಲಿರುವವರಾಗಿ, ಇನ್ನೊಮ್ಮೆ ಭಯವಾಗಿ. ತಾಯಿ, ಅವರು ಮಗನನ್ನು ಕಳೆದುಕೊಂಡಿದ್ದಾರೆ. ಜನ ನಿಮ್ಮನ್ನು ಮಾತನಾಡಿಸಿದರು, ನಿಮಗೆ ನೌಕರಿ ಬಂತು. ಆ ಮುದುಕಿ ತನ್ನ ಊರು, ಓಣಿ, ಜೊತೆಗಾತಿಯರನ್ನು ಬಿಟ್ಟು ಗುರುತಿಲ್ಲದ ಬಾಡಿಗೆ ಮನೆಯಲ್ಲಿ ಹಗಲೆಲ್ಲ ಒಬ್ಬರೇ ಕೂರುತ್ತಾರೆ. ಒಂದೇ ಸಾವನ್ನು ಇಬ್ಬರೂ ಒಬ್ಬರಿಂದೊಬ್ಬರು ಬಚ್ಚಿಡುತ್ತಿದ್ದೀರಿ ಎಂದು ನನಗನ್ನಿಸುತ್ತದೆ, ಅವರ ಮುಂದೆ ನೀವು ಅಳಬಾರದೆಂದು, ನಿಮ್ಮ ಮುಂದೆ ಅವರು. ನಾನಾದರೆ ಸುಳ್ಳು ಹೇಳಿ ಕರೆ ಮಾಡುವುದಿಲ್ಲ. ‘ಅತ್ತೆ, ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ, ವಾರಕ್ಕೊಮ್ಮೆ ಮೊಬೈಲ್‌ನಲ್ಲೇ ಆಪ್ತಸಮಾಲೋಚಕರ ಜೊತೆ ಮಾತನಾಡುತ್ತೇನೆ. ನಿಮಗೆ ನಿದ್ದೆ ಬರುತ್ತದೆಯೇ?’ ಎನ್ನುತ್ತೇನೆ. ಆ ಕೊನೆಯ ಪ್ರಶ್ನೆಯನ್ನು ಹನ್ನೊಂದು ತಿಂಗಳಲ್ಲಿ ಯಾರೂ ಅವರಿಗೆ ಕೇಳಿರಲಾರರು. ಅವರು ರೇಗಬಹುದು. ಎರಡೂವರೆಗೆ ನೀವು ಎದ್ದಾಗ ಅವರೂ ಎಚ್ಚರವಾಗಿಯೇ ಮಲಗಿದ್ದಾರೆ ಎಂಬುದು ತಿಳಿಯಲೂಬಹುದು. ಪಿಯುಸಿ ಓದುವ ನಿಮ್ಮ ಮಗ ಹೇಗಿದ್ದಾನೆಂದು ನೀವು ಬರೆದಿಲ್ಲ. ಆ ವಯಸ್ಸಿನ ಹುಡುಗರ ದುಃಖ ಸಿಟ್ಟಾಗಿಯೋ, ಹಗಲಿಡೀ ಮೊಬೈಲ್ ಹಿಡಿದ ಮೌನವಾಗಿಯೋ ಹೊರಬರುತ್ತದೆ. ಅವನನ್ನೂ ಆಪ್ತಸಮಾಲೋಚಕರಿಗೆ ಪರಿಚಯಿಸಿ.

ನೌಕರಿಯ ಭಯ ಬಿಡಿ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ–2017ರ 23ನೇ ಸೆಕ್ಷನ್ ಚಿಕಿತ್ಸೆಯ ವಿವರ ಗೋಪ್ಯವಾಗಿರುವ ಹಕ್ಕನ್ನು ಕೊಡುತ್ತದೆ. ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವಿರುವಂಥ ಕೆಲವೇ ಸಂದರ್ಭಗಳು ಇದಕ್ಕೆ ಹೊರತು. ನೀವು ಸ್ವಂತ ಮೊಬೈಲ್‌ನಲ್ಲಿ ಪಡೆಯುವ ಸಮಾಲೋಚನೆ ಕಚೇರಿಯ ಸೇವಾ ಪುಸ್ತಕಕ್ಕೆ ಏರುವುದಿಲ್ಲ.

ಕುಂಕುಮದ ತಟ್ಟೆ ನಿಮ್ಮನ್ನು ದಾಟಿ ಹೋದದ್ದನ್ನು ಓದಿ ನನಗೆ ಸಿಟ್ಟು ಬಂತು. ಅದು ನಿಮ್ಮ ದುಃಖದ ಲಕ್ಷಣವಲ್ಲ, ನಿಮಗಾದ ಅವಮಾನ. ನಿಮ್ಮ ಆಪ್ತಸಮಾಲೋಚಕಿ ಅದನ್ನು ಕೇಳಿ ‘ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಎಂದರೆ ಅವರನ್ನು ಬದಲಿಸಿ. ಮುಂದಿನ ಸಲ ತಟ್ಟೆಗೆ ಕೈ ಚಾಚುವಿರೋ, ಎದ್ದು ಹೋಗುವಿರೋ, ಹಿರಿಯ ಸಹೋದ್ಯೋಗಿಯೊಬ್ಬರಿಗೆ ಮೊದಲೇ ಹೇಳಿಡುವಿರೋ, ತೀರ್ಮಾನ ನಿಮ್ಮದು. ಆ ತೀರ್ಮಾನಕ್ಕೆ ಬೇಕಾದ ಬಲ ಕೂಡಿಸಿಕೊಡುವುದು ಅವರ ಕೆಲಸ.

ಸಹಿಯ ವಿಷಯದಲ್ಲಿ ಅವರು ಬಹುಶಃ ಹೀಗೆ ಹೆಜ್ಜೆ ಇಡುತ್ತಾರೆ. ಮೊದಲು ಮನೆಯಲ್ಲಿರುವ ಯಾವುದೋ ಹಳೆಯ ಕಾಗದದ ಮೇಲಿನ ಸಹಿಯನ್ನು, ಅವರು ಕರೆಯಲ್ಲಿ ಜೊತೆಗಿರುವಾಗಲೇ, ನೋಡಲು ಹೇಳುತ್ತಾರೆ. ಅದನ್ನು ಮಾಡಿದ ಕೈಯ ಬಗ್ಗೆ, ಆ ದಿನದ ಬಗ್ಗೆ ಕೇಳುತ್ತಾರೆ. ಕೆಲವು ವಾರಗಳ ಮೇಲೆ ಕಚೇರಿಯ ಕಡತ. ಅಷ್ಟು ದಿನ ಹಳೆಯ ಕಡತಗಳ ಕೆಲಸ ಬೇರೆಯವರಿಗೆ ಕೊಡಲು ಮೇಲಧಿಕಾರಿಯನ್ನು ಕೇಳುವುದರಲ್ಲಿ ನಾಚಿಕೆಯಿಲ್ಲ. ಯಜಮಾನರಿಗೆ ಒಂದು ಪತ್ರ ಬರೆಯಲು ಹೇಳಬಹುದು, ನೌಕರಿಯ ಮೊದಲ ದಿನದ ವರದಿಯನ್ನೇ ಬರೆಯಿರಿ. ಅಳು ಆಗ ಬಂದೀತು. ಬಂದಾಗ ತಡೆಯಬೇಡಿ.

ನಡುವೆ ಒಮ್ಮೆ ರಕ್ತದೊತ್ತಡ, ಥೈರಾಯ್ಡ್, ರಕ್ತಹೀನತೆಯ ಪರೀಕ್ಷೆ ಮಾಡಿಸಿ. ಈ ವಯಸ್ಸಿನಲ್ಲಿ ಕೈ ನಡುಕ, ನಿದ್ದೆಗೇಡಿಗೆ ಥೈರಾಯ್ಡ್‌ನಂಥ ಮೈಯ ತೊಂದರೆಯೂ ಕಾರಣವಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಈಗ ‘ದೀರ್ಘಕಾಲದ ದುಃಖದ ತೊಂದರೆ’ ಎಂಬುದಿದೆ. ಆರು ತಿಂಗಳು ದಾಟಿಯೂ ಹಂಬಲದ ತೀವ್ರತೆ ಒಂದಿಷ್ಟೂ ಇಳಿಯದೆ, ಬದುಕೇ ನಿಂತುಹೋಗಿ, ಆ ಸಮಾಜದ ಶೋಕದ ರೂಢಿಯನ್ನೂ ಮೀರಿದ್ದರೆ ಹಾಗೆನ್ನುತ್ತಾರೆ. ದಿನವೂ ಎದ್ದು ಕಚೇರಿಗೆ ಹೋಗುತ್ತಿರುವ ನಿಮಗೆ ನಾನು ದೂರದಿಂದ ಆ ಹೆಸರನ್ನು ಅಂಟಿಸುವುದಿಲ್ಲ. ಎಂಟು ಹತ್ತು ಭೇಟಿಯ ನಂತರವೂ ನಿದ್ದೆ ಬಾರದಿದ್ದರೆ, ಊಟ ಬಿಟ್ಟರೆ, ಕಚೇರಿಗೆ ಹೋಗಲಾಗದಿದ್ದರೆ ಮೊಬೈಲ್ ಸಾಲದು, ಮನೋವೈದ್ಯರನ್ನು ಎದುರಾಗಿ ಕಾಣಿ.

ಮುಂದಿನ ತಿಂಗಳು ವರ್ಷದ ಕಾರ್ಯ ಬರುತ್ತದೆ. ದಿನ ಹತ್ತಿರವಾದಂತೆ ನಿದ್ದೆ ಇನ್ನಷ್ಟು ಕೆಡಬಹುದು, ನಡುಕ ಹೆಚ್ಚಬಹುದು, ಮೈಗೆ ಆ ದಿನ ನೆನಪಿರುತ್ತದೆ. ಅದಕ್ಕೇ ಈ ವಾರವೇ ಶುರು ಮಾಡಿ ಎನ್ನುತ್ತಿದ್ದೇನೆ, ಅಷ್ಟರೊಳಗೆ ಮೂರು ನಾಲ್ಕು ಭೇಟಿಯಾದರೂ ಆಗಿರುತ್ತವೆ. ಕಾರ್ಯಕ್ಕೆ ಒಂದು ದಿನ ರಜೆ ಹಾಕುವವರು ಎರಡು ದಿನ ಹಾಕಿ. ನೆಂಟರೆಲ್ಲ ಉಂಡು ಬಸ್ ಹತ್ತಿದ ಮರುದಿನ ಮನೆ ಬಿಕೋ ಎನ್ನುತ್ತದೆ. ಆಪ್ತಸಮಾಲೋಚಕಿಯ ಸಮಯವನ್ನು ಆ ಮರುದಿನಕ್ಕೆ ಈಗಲೇ ಕೇಳಿ ಇಟ್ಟುಕೊಳ್ಳಿ.